ಹಿತ್ತಲ ಮೀನಿನ ಹೊಂಡಕ್ಕೆ ಉಪ್ಪು: ಹಾಕುವ ಮುಂಚೆ ಅಳೆಯಿರಿ

"ಮೀನು ಮಂಕಾಗ್ಯಾವ, ಎಷ್ಟು ಉಪ್ಪು ಹಾಕಲಿ?" ಧಾರವಾಡ, ಹುಬ್ಬಳ್ಳಿ, ಗದಗದ ಕಡೆ ಹಿತ್ತಲಲ್ಲಿ ಮೀನು ಸಾಕಿದವರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಕೇಳುವ ಹೊತ್ತಿಗೆ ಯಾರೋ ಒಬ್ಬರು ಆಗಲೇ ಉತ್ತರವನ್ನೂ ಕೊಟ್ಟಿರುತ್ತಾರೆ: "ನಾಕ ಮುಟಗಿ ಒಗೀರಿ, ಆರಾಮ ಆಗ್ತಾವ." ಉಪ್ಪು ಒಳ್ಳೆಯ ಮದ್ದು ಹೌದು, ಮುಷ್ಟಿ ಲೆಕ್ಕದಲ್ಲಿ ಹಾಕುವ ಮದ್ದಲ್ಲ. ನಾನು ತಿರುಗಿ ಎರಡು ಮಾತು ಕೇಳುತ್ತೇನೆ. ಹೊಂಡದಲ್ಲಿ ನೀರು ಎಷ್ಟು ಲೀಟರ್ ಇದೆ? ಆ ನೀರಿನಲ್ಲಿ ಈಗಾಗಲೇ ಉಪ್ಪು ಎಷ್ಟಿದೆ? ಎರಡನೆಯದಕ್ಕೆ ಉತ್ತರ ಇದ್ದವರು ಬಹಳ ಕಡಿಮೆ. ನಮ್ಮ ಕಡೆಯ ಬೋರ್ ನೀರು ನೋಡಿದರೆ ಮೊದಲು ತಿಳಿಯಬೇಕಾದದ್ದು ಅದೇ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಹಾಕಿದ ಉಪ್ಪು ನೀವು ನೀರನ್ನು ಹೊರಗೆ ತೆಗೆಯುವವರೆಗೂ ಹೊಂಡದಲ್ಲೇ ಇರುತ್ತದೆ. ಮುಂದಿನ ಹಂತಗಳೆಲ್ಲ ಈ ಮಾತಿನ ಮೇಲೆಯೇ ನಿಂತಿವೆ.

ಉಪ್ಪು ಮಾಡುವ ಕೆಲಸ ಏನು

ಸಿಹಿನೀರಿನ ಮೀನಿನ ರಕ್ತದಲ್ಲಿ ಲೀಟರಿಗೆ ಸುಮಾರು 9 ಗ್ರಾಂನಷ್ಟು ಲವಣ ಇರುತ್ತದೆ. ಸುತ್ತಲಿನ ನೀರಿನಲ್ಲಿ ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಕಿವಿರಿನ ಮೂಲಕ ನೀರು ಹಗಲು ರಾತ್ರಿ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಹೊರಹಾಕುತ್ತಲೇ ಇರಬೇಕು. ಹೊರಗೆ ಸ್ವಲ್ಪ ಉಪ್ಪು ಬಿದ್ದರೆ ಈ ದುಡಿಮೆ ಹಗುರಾಗುತ್ತದೆ. ಗಾಯ, ಸಾಗಣೆ, ಕಾಯಿಲೆಯಿಂದ ಬಳಲಿದ ಮೀನು ಉಳಿದ ಶಕ್ತಿಯನ್ನು ಚೇತರಿಕೆಗೆ ಬಳಸಿಕೊಳ್ಳುತ್ತದೆ. ಎರಡನೆಯದಾಗಿ, ಮೈಮೇಲಿನ ಕಣ್ಣಿಗೆ ಕಾಣದ ಕೆಲವು ಪರೋಪಜೀವಿಗಳು ಉಪ್ಪಿಗೆ ತಾಳುವುದಿಲ್ಲ. ಮೂರನೆಯದು ನೈಟ್ರೈಟ್ ವಿಷ. ಮೀನಿನ ಹೊಲಸು ಕೊಳೆಯುವಾಗ ನಡುವೆ ಹುಟ್ಟುವ ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಇಳಿದು ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸುತ್ತದೆ, ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ಅದೇ ಬಾಗಿಲಲ್ಲಿ ಮೊದಲು ನುಗ್ಗಿ ನೈಟ್ರೈಟನ್ನು ಹೊರಗೆ ತಡೆಯುತ್ತದೆ.

ಅಮೋನಿಯಾ ಹೆಚ್ಚಾದದ್ದಕ್ಕೆ, ಆಮ್ಲಜನಕ ಸಾಲದಿರುವುದಕ್ಕೆ, ಮೀನಿನ ಹೇನಿಗೆ, ಮೈಗೆ ಚುಚ್ಚಿಕೊಂಡು ನೇತಾಡುವ ದಾರದಂಥ ಹುಳುವಿಗೆ ಈ ಪ್ರಮಾಣದ ಉಪ್ಪು ಮದ್ದಲ್ಲ.

ಬೇಕಾಗುವ ಸಾಮಾನು

ಟಿಡಿಎಸ್ ಪೆನ್ ಒಂದು. ಮನೆಯ ಆರ್‌ಒ ಯಂತ್ರ ರಿಪೇರಿಗೆ ಬರುವವರ ಜೇಬಿನಲ್ಲಿ ಇರುತ್ತದಲ್ಲ, ಅದೇ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಒಟ್ಟು ಮೊತ್ತ, ಲೀಟರಿಗೆ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಪೆನ್ನಿನ ಮೇಲೆ ಅದನ್ನೇ ಪಿಪಿಎಂ ಎಂದು ಬರೆದಿರುತ್ತಾರೆ. 1000 ಪಿಪಿಎಂ ಎಂದರೆ ಲೀಟರಿಗೆ 1 ಗ್ರಾಂ, ಅಂದರೆ ಶೇ. 0.1.

ಅದರ ಜೊತೆಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿ, ಅಳತೆ ಟೇಪು, ಎರಡು ಬಕೆಟ್, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಅಮೋನಿಯಾ ಮತ್ತು ನೈಟ್ರೈಟ್ ಪರೀಕ್ಷೆಯ ಕಿಟ್, ಒಂದು ನೋಟ್‌ಬುಕ್. ಸಮುದ್ರದ ಮೀನು ಸಾಕುವವರು ಬಳಸುವ ರಿಫ್ರ್ಯಾಕ್ಟೋಮೀಟರ್ ಕೊಳ್ಳಬೇಡಿ. ಅದರಲ್ಲಿ ಅತಿ ಸಣ್ಣ ಗೆರೆಯೇ ಲೀಟರಿಗೆ 1 ಗ್ರಾಂ. ನಮ್ಮ ಆಟವೆಲ್ಲ 0 ಮತ್ತು 3ರ ನಡುವೆ.

ಉಪ್ಪು ಯಾವುದು? ಏನೂ ಬೆರೆಸದ ಹರಳುಪ್ಪು ಸಾಕು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು ಸಿಕ್ಕರೆ ಅದೂ ನಡೆಯುತ್ತದೆ. ಕರಗಿಸಿ, ತಳದ ಮಣ್ಣು ಬಿಟ್ಟು ತಿಳಿಯನ್ನು ಮಾತ್ರ ಸುರಿಯಿರಿ. ಉಪ್ಪಿನಲ್ಲಿ ಅಯೋಡಿನ್ ಇದ್ದರೂ ಈ ಪ್ರಮಾಣದಲ್ಲಿ ಮೀನಿಗೆ ತೊಂದರೆ ಇಲ್ಲ. ಗಂಟು ಕಟ್ಟದಂತೆ ರಾಸಾಯನಿಕ ಬೆರೆಸಿದ ನುಣುಪಾದ ಪುಡಿ ಉಪ್ಪನ್ನು ಮಾತ್ರ ಕಿಲೋಗಟ್ಟಲೆ ಹೊಂಡಕ್ಕೆ ಹಾಕಬೇಡಿ. ಸೈಂಧವ ಲವಣಕ್ಕೆ ದುಡ್ಡು ಕಳೆಯುವ ಅಗತ್ಯವೂ ಇಲ್ಲ.

ಹಂತ 1: ಹೊಂಡದ ಲೀಟರ್ ಲೆಕ್ಕ

ಉದ್ದ, ಅಗಲ, ನೀರಿನ ಆಳ ಮೂರನ್ನೂ ಅಡಿಯಲ್ಲಿ ಅಳೆದು ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿ. 10 ಅಡಿ ಉದ್ದ, 8 ಅಡಿ ಅಗಲ, 3 ಅಡಿ ನೀರಿನ ಹೊಂಡವಾದರೆ 240 ಘನ ಅಡಿ, ಹತ್ತಿರ ಹತ್ತಿರ 6800 ಲೀಟರ್. ಮುಂದೆಲ್ಲ ಇದೇ ಹೊಂಡವನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಸಿಮೆಂಟ್ ರಿಂಗ್ ಇಳಿಸಿದ ದುಂಡು ತೊಟ್ಟಿಗೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, ಆಳದಿಂದ ಗುಣಿಸಿ, ಕೊನೆಗೆ 22.2ರಿಂದ ಗುಣಿಸಿ. ತಳ ಇಳಿಜಾರಾಗಿದ್ದರೆ ನಾಲ್ಕೈದು ಕಡೆ ಕೋಲು ಇಳಿಸಿ ಸರಾಸರಿ ಆಳ ಹಿಡಿಯಿರಿ. ಅಂಚಿನವರೆಗಿನ ಆಳ ಬೇಡ, ಈ ದಿನ ಇರುವ ನೀರಿನ ಆಳವೇ ಬೇಕು. ತಪ್ಪು ಹೆಚ್ಚಾಗಿ ಆಗುವುದು ಅಲ್ಲಿಯೇ.

ಹಂತ 2: ಪೆನ್ ಸರಿ ಇದೆಯೇ ನೋಡಿ

ಮನೆಯ ಆರ್‌ಒ ನೀರು ಹತ್ತು ಲೀಟರ್ ಹಿಡಿದು ಪೆನ್ ಅದ್ದಿ, ಬಂದ ಅಂಕಿ ಬರೆದುಕೊಳ್ಳಿ. ಅದಕ್ಕೆ ಪೊಟ್ಟಣದ ಒಣ ಉಪ್ಪು 10 ಗ್ರಾಂ ಹಾಕಿ ಚೆನ್ನಾಗಿ ಕರಗಿಸಿ ಮತ್ತೆ ಅದ್ದಿ. ಏರಿಕೆ ಸುಮಾರು 1000 ಬಂದರೆ ಪೆನ್ ಉಪ್ಪಿನ ಲೆಕ್ಕಕ್ಕೆ ಸರಿ ಇದೆ. ಕೆಲವು ಪೆನ್‌ಗಳು ಬೇರೆ ಗುಣಕ ಇಟ್ಟುಕೊಂಡಿರುತ್ತವೆ, 1400ರ ಆಸುಪಾಸು ತೋರಿಸುತ್ತವೆ. ಅದು ಕೆಟ್ಟದ್ದೆಂದು ಬಿಸಾಡಬೇಡಿ. ನಿಮ್ಮ ಪೆನ್ನಿಗೆ 1400 ಅಂದರೆ 1 ಗ್ರಾಂ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಡಿ. ನಿಮ್ಮದು ವಿದ್ಯುತ್ ವಾಹಕತೆ, ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಅಳೆಯುವ ಪೆನ್ ಆಗಿದ್ದರೆ ಏರಿಕೆ ಸುಮಾರು 2000 ಮೈಕ್ರೋಸೀಮೆನ್ಸ್ ಬರಬೇಕು.

ಒಂದು ಎಚ್ಚರಿಕೆ. ಅಗ್ಗದ ಹಲವು ಪೆನ್‌ಗಳು 999 ದಾಟಿದ ಮೇಲೆ ಅಂಕಿಯನ್ನು ಹತ್ತರಿಂದ ಭಾಗಿಸಿ ತೋರಿಸುತ್ತವೆ. ಮೂಲೆಯಲ್ಲಿ ಚಿಕ್ಕದಾಗಿ ×10 ಎಂದು ಮಿನುಗುತ್ತದೆ. ಪರದೆಯ ಮೇಲೆ 190 ಇದ್ದರೆ ಅದು 1900. "ನಮ್ಮ ಬೋರ್ ನೀರು 190 ಅಷ್ಟೇ, ಬಹಳ ಚಲೋ ಐತಿ" ಎಂದು ಹೇಳಿದ ಒಂದಿಬ್ಬರಿಗೆ ನಾನು ಈ ಮೂಲೆಯನ್ನೇ ತೋರಿಸಬೇಕಾಯಿತು.

ಹಂತ 3: ತುಂಬಿಸುವ ನೀರನ್ನು ಮೊದಲು ಅಳೆಯಿರಿ, ಆಮೇಲೆ ಹೊಂಡ

ಹುಬ್ಬಳ್ಳಿ-ಧಾರವಾಡದ ನಳಕ್ಕೆ ಬರುವುದು ನವಿಲುತೀರ್ಥದಿಂದ ಮಲಪ್ರಭೆಯ ನೀರು, ಗದಗ-ಬೆಟಗೇರಿ ಮತ್ತು ಹಾವೇರಿಗೆ ತುಂಗಭದ್ರೆಯದು. ಹೊಳೆಯ ನೀರಿನಲ್ಲಿ ಲವಣ ಕಡಿಮೆ. ಆದರೆ ಹೊಂಡ ತುಂಬಿಸುವವರು ನಳ ನೆಚ್ಚಿಕೊಂಡು ಕೂಡಲಾಗುವುದಿಲ್ಲ, ಬೋರನ್ನೇ ತಿರುಗಿಸುತ್ತಾರೆ. ಎರೆ ಭೂಮಿಯ ಕೆಳಗಿನ ಬೋರ್ ನೀರು, ಅದರಲ್ಲೂ ನವಲಗುಂದ, ರೋಣದ ದಿಕ್ಕಿಗೆ ಹೋದಂತೆ, ನಾಲಿಗೆಗೇ ಸೌಳು ಹತ್ತುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 500, ಬೇರೆ ಮೂಲವೇ ಇಲ್ಲದಿದ್ದರೆ 2000. ನಿಮ್ಮ ಬೋರ್ ಇವೆರಡರ ನಡುವೆ ಎಲ್ಲಿಯಾದರೂ ಇರಬಹುದು, ಇನ್ನೂ ಮೇಲಿರಬಹುದು. ಅಕ್ಕಪಕ್ಕದ ಎರಡು ಬೋರ್‌ಗಳ ಅಂಕಿಯೂ ಒಂದೇ ಇರಬೇಕೆಂದಿಲ್ಲ, ಹಾಗಾಗಿ ನೆರೆಮನೆಯ ಅಂಕಿ ತಂದು ಲೆಕ್ಕ ಹಾಕಬೇಡಿ.

ಈಗ ಮುಖ್ಯ ವಿಷಯ. ಪೆನ್ ಅಳೆಯುವುದು ಅಡುಗೆ ಉಪ್ಪನ್ನಷ್ಟೇ ಅಲ್ಲ. ಸುಣ್ಣದಂಶ, ಮೆಗ್ನೀಸಿಯಂ, ಸಲ್ಫೇಟ್, ಎಲ್ಲವನ್ನೂ ಒಟ್ಟುಗೂಡಿಸಿ ಒಂದೇ ಅಂಕಿ ಕೊಡುತ್ತದೆ. ಹಂಡೆಯ ತಳಕ್ಕೆ ಬಿಳಿ ಪದರ ಕಟ್ಟುವ ಗಡಸು ನೀರಿಗೂ 1200 ಬರುತ್ತದೆ. ಅದನ್ನು ನೋಡಿ "ಉಪ್ಪು ಆಗಲೇ ಶೇ. 0.12 ಇದೆ, ಸಾಕು" ಎಂದುಕೊಂಡರೆ ಮೀನಿಗೆ ಬೇಕಾದ ಮದ್ದು ತಪ್ಪುತ್ತದೆ. ಹಾಗಾಗಿ ಬೋರಿನ ಅಂಕಿಯನ್ನು ತಳದ ಅಂಕಿ ಎಂದು ಇಟ್ಟುಕೊಳ್ಳಿ, ಹಾಕಿದ ಉಪ್ಪನ್ನು ಅದರ ಮೇಲಿನ ಏರಿಕೆಯಿಂದ ಮಾತ್ರ ಲೆಕ್ಕ ಹಿಡಿಯಿರಿ. ನಿಜವಾಗಿ ಎಷ್ಟು ಉಪ್ಪಿದೆ ಎಂದು ತಿಳಿಯಲೇಬೇಕಾದರೆ ಹನಿ ಎಣಿಸುವ ಕ್ಲೋರೈಡ್ ಕಿಟ್ ತನ್ನಿ, ಅಥವಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಕ್ಲೋರೈಡ್ ಮಾತ್ರ ನೋಡಿಸಿ. ಬಂದ ಅಂಕಿಯನ್ನು 1.65ರಿಂದ ಗುಣಿಸಿದರೆ ಅದು ಎಷ್ಟು ಉಪ್ಪಿಗೆ ಸಮ ಎಂದು ಸಿಗುತ್ತದೆ. ಹಳೆಯ ಮನೆಯ ಜೊತೆಗೆ ಹಳೆಯ ಹೊಂಡವೂ ಬಂದಿದ್ದರೆ ಈ ಪರೀಕ್ಷೆ ಬಿಡಬೇಡಿ. ಹಿಂದಿನವರು ಏನೇನು ಸುರಿದಿದ್ದರು ಎಂದು ತಿಳಿಯಲು ಬೇರೆ ದಾರಿ ಇಲ್ಲ.

ಹೊಂಡದ ಅಂಕಿ ತೆಗೆಯುವಾಗ ಒಂದು ಅಡಿ ಆಳದ ನೀರನ್ನು ಲೋಟದಲ್ಲಿ ಎತ್ತಿ ಅಳೆಯಿರಿ. ದಿನವೂ ಒಂದೇ ಹೊತ್ತಿಗೆ, ಬೆಳಿಗ್ಗೆಯಾದರೆ ಒಳ್ಳೆಯದು.

ಹಂತ 4: ಉಪ್ಪು ನಿಜವಾಗಿ ಬೇಕೇ?

ಮೀನು ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದ್ದರೆ ಮೊದಲು ಗಾಳಿ ಪಂಪು ಹಚ್ಚಿ. ಅಮೋನಿಯಾ ಕಂಡರೆ ಮೇವು ನಿಲ್ಲಿಸಿ, ನೀರು ಬದಲಿಸಿ. ನೈಟ್ರೈಟ್ ಕಂಡರೆ, ಅಥವಾ ಮೀನು ಕಲ್ಲಿಗೆ ಮೈ ತಿಕ್ಕುತ್ತ, ರೆಕ್ಕೆ ಮುದುಡಿಕೊಂಡು, ಮೈಮೇಲೆ ಬೂದು ಲೋಳೆ ಅಥವಾ ಬಿಳಿ ಚುಕ್ಕೆ ಹೊತ್ತಿದ್ದರೆ ಆಗ ಉಪ್ಪಿನ ಮಾತು. ಆರೋಗ್ಯವಾಗಿರುವ ಮೀನಿಗೆ ವರ್ಷವಿಡೀ "ಇರಲಿ" ಎಂದು ಉಪ್ಪು ಇಡುವುದು ನನಗೆ ಒಪ್ಪಿಗೆಯಿಲ್ಲ. ಪರೋಪಜೀವಿಗಳು ಕಡಿಮೆ ಉಪ್ಪಿಗೆ ಒಗ್ಗಿಬಿಟ್ಟರೆ ನಾಳೆ ಬೇಕಾದಾಗ ಮದ್ದು ಕೆಲಸ ಮಾಡುವುದಿಲ್ಲ.

ಹೊಂಡದಲ್ಲಿ ಯಾವ ಮೀನಿದೆ ಎಂಬುದನ್ನೂ ನೋಡಿ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ, ಕೋಯಿ, ಗೋಲ್ಡ್‌ಫಿಶ್ ಇವು ಲೀಟರಿಗೆ 3 ಗ್ರಾಂ ತಾಳುತ್ತವೆ. ಸೊಳ್ಳೆಮರಿ ತಿನ್ನಲಿ ಎಂದು ಬಿಟ್ಟ ಗಪ್ಪಿಗೂ ಏನಾಗುವುದಿಲ್ಲ. ಹುರುಪೆಯಿಲ್ಲದ ಮೀಸೆಮೀನುಗಳ ವಿಷಯದಲ್ಲಿ 1 ಗ್ರಾಂ ದಾಟುವ ಮುಂಚೆ ಒಂದು ದಿನ ಕಾದು ನೋಡಿ.

ಮೀನಿಗಿಂತ ಮೊದಲು ಸೋಲುವುದು ಗಿಡ. ನೈದಿಲೆ, ತಾವರೆ, ಅಂತರಗಂಗೆ ಇದ್ದರೆ ಉಪ್ಪು ಹಾಕುವ ಮೊದಲು ಸಿಹಿನೀರಿನ ಟಬ್ಬಿಗೆ ಎತ್ತಿಡಿ. ಮೊದಲ ವರ್ಷ ನಾನು ಅಳೆಯದೆ ಎರಡನೇ ಸಲ ಉಪ್ಪು ಹಾಕಿದೆ. ಮೀನು ಉಳಿದವು, ಮೂರು ವರ್ಷ ಬೆಳೆಸಿದ ನೈದಿಲೆಯ ಎಲೆಯೆಲ್ಲ ಅಂಚಿನಿಂದ ಸುಟ್ಟು ಗಡ್ಡೆ ಕೊಳೆಯಿತು.

ಶೋಧಕದಲ್ಲಿ ಜಿಯೋಲೈಟ್ ಇದೆಯೇ ಎಂದೂ ನೋಡಿ. ಅಮೋನಿಯಾ ಹೀರುವ ಬಿಳಿ-ಬೂದು ಕಲ್ಲು ಅದು. ಉಪ್ಪು ಬಿದ್ದರೆ ಹೀರಿದ್ದನ್ನೆಲ್ಲ ವಾಪಸ್ ನೀರಿಗೆ ಬಿಡುತ್ತದೆ. ಅದನ್ನು ಮೊದಲು ಹೊರಗೆ ತೆಗೆಯಬೇಕು.

ಹಂತ 5: ಹಾಕುವ ಕ್ರಮ

ಸಾವಿರ ಲೀಟರಿಗೆ 1 ಕಿಲೋ ಹಾಕಿದರೆ ಶೇ. 0.1. ನೈಟ್ರೈಟ್ ವಿಷಕ್ಕೆ ಅಷ್ಟೇ ಸಾಕು. ಅದರಿಂದಲೇ ಲೀಟರಿಗೆ 600 ಮಿಲಿಗ್ರಾಂ ಕ್ಲೋರೈಡ್ ಸಿಗುತ್ತದೆ, ಒಂದೇ ದಿನದಲ್ಲಿ ಹಾಕಬಹುದು. ಪರೋಪಜೀವಿಗೆ ಶೇ. 0.3 ಬೇಕು. ನಮ್ಮ 6800 ಲೀಟರ್ ಹೊಂಡಕ್ಕೆ ಒಟ್ಟು 20 ಕಿಲೋ ಚಿಲ್ಲರೆ, ಆದರೆ ಮೂರು ದಿನಕ್ಕೆ ಹಂಚಿ, ದಿನಕ್ಕೆ 6.8 ಕಿಲೋದಂತೆ.

ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಗಾಳಿ ಪಂಪು ಓಡುತ್ತಿರುವಾಗ ಹಾಕಿ. ಹೊಂಡದ ನೀರನ್ನೇ ಬಕೆಟ್ಟಿಗೆ ತೆಗೆದು ಹತ್ತು ಲೀಟರಿಗೆ ಎರಡು ಕಿಲೋದಂತೆ ಪೂರ್ತಿ ಕರಗಿಸಿ, ನೀರು ಬೀಳುವ ಕಡೆ ಅಥವಾ ಗುಳ್ಳೆ ಏಳುವ ಕಡೆ ನಿಧಾನವಾಗಿ ಸುತ್ತ ಸುರಿಯಿರಿ. ಹರಳನ್ನು ಹಾಗೆಯೇ ಎರಚಬೇಡಿ. ಗೆಂಡೆಗಳಿಗೆ ತಳ ಕೆದಕುವ ಅಭ್ಯಾಸ, ಹರಳನ್ನು ಬಾಯಿಗೆ ಹಾಕಿಕೊಳ್ಳುತ್ತವೆ. ಸಾಂದ್ರವಾದ ಉಪ್ಪು ನೀರು ಭಾರ, ತಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತದೆ, ತಳದಲ್ಲಿ ಮಲಗುವ ಮೀನಿನ ಹೊಟ್ಟೆ ಸುಡುತ್ತದೆ. ನೀರಿಗೆ ಕೈ ಹಾಕುವ ಮುಂಚೆ ನೀರಿನೊಳಗಿನ ಪಂಪಿನ ಸ್ವಿಚ್ ಆರಿಸಿ, ಉಪ್ಪು ನೀರಿನಲ್ಲಿ ವಿದ್ಯುತ್ ಇನ್ನೂ ಸಲೀಸಾಗಿ ಹರಿಯುತ್ತದೆ.

ಮಾರನೆಯ ಬೆಳಿಗ್ಗೆ ಅಳೆಯಿರಿ. 1000 ಏರಿರಬೇಕು. 1200 ಏರಿದೆಯೆಂದರೆ ಉಪ್ಪು ಹೆಚ್ಚಾಯಿತು ಎಂದು ಗಾಬರಿ ಬೇಡ. ಹೊಂಡ ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. 6800ನ್ನು 1.2ರಿಂದ ಭಾಗಿಸಿ, ನಿಜವಾದ ಲೆಕ್ಕ ಸುಮಾರು 5650 ಲೀಟರ್. ಟೇಪಿಗಿಂತ ನಂಬಿಕೆಯ ಅಳತೆ ಇದು. ಎರಡನೇ, ಮೂರನೇ ದಿನದ ಉಪ್ಪನ್ನು ಈ ಹೊಸ ಅಂಕಿಗೆ ತಕ್ಕಂತೆ ಕಡಿಮೆ ಮಾಡಿ. ಮೂರು ದಿನಕ್ಕೆ ಹಂಚಿ ಎಂದದ್ದರ ಒಂದು ಕಾರಣ ಇದೇ.

ಹೊಸದಾಗಿ ತಂದ ಮರಿಗಳಿಗೆ ಹೊಂಡಕ್ಕೆಲ್ಲ ಉಪ್ಪು ಬೇಡ. ಹತ್ತು ಲೀಟರ್ ಬಕೆಟ್ಟಿಗೆ 300 ಗ್ರಾಂ ಕರಗಿಸಿ, ಜಾಲರಿಯಲ್ಲಿಟ್ಟು ಒಂದರಿಂದ ಮೂರು ನಿಮಿಷ ಅದ್ದಿ ತೆಗೆಯಿರಿ. ಪಕ್ಕಕ್ಕೆ ವಾಲಿದ ಕ್ಷಣವೇ ಎತ್ತಬೇಕು. ಆ ಹೊತ್ತಿನಲ್ಲಿ ಫೋನ್ ಬಂದರೂ ಎದ್ದು ಹೋಗಬೇಡಿ.

ಹಂತ 6: ಎರಡು ವಾರ ಹಿಡಿದಿಡುವುದು

ಶೇ. 0.3ನ್ನು ಹತ್ತರಿಂದ ಹದಿನಾಲ್ಕು ದಿನ ಇಡಿ. ಈ ನಡುವೆ ನೀರು ಇಳಿಯುತ್ತದೆ. ಇಳಿದದ್ದು ಆವಿಯಾಗಿ ಹೋಗಿದ್ದರೆ ಬರೀ ನೀರು ತುಂಬಿಸಿ, ಉಪ್ಪು ಬೇಡ. ನೀವೇ ತೆಗೆದು ಬದಲಿಸಿದ ನೀರಿಗೆ ಮಾತ್ರ, ಬದಲಿಸಿದಷ್ಟು ಲೀಟರಿಗೆ ಉಪ್ಪು ಸೇರಿಸಬೇಕು. ನನಗೆ ಬರುವ ಕೆಟ್ಟ ಸುದ್ದಿಗಳಲ್ಲಿ ಹೆಚ್ಚಿನವು ಈ ಎರಡನ್ನು ಒಂದೇ ಎಂದುಕೊಂಡದ್ದರಿಂದ ಆದವು: ವಾರಕ್ಕೊಮ್ಮೆ ನೀರು ತುಂಬಿಸಿ, ಪ್ರತಿ ಸಲವೂ ಉಪ್ಪು ಹಾಕಿರುತ್ತಾರೆ.

ಹಂತ 7: ಉಪ್ಪು ಹೊರತೆಗೆಯುವುದು

ಕುದಿಸಿದರೂ, ಸೋಸಿದರೂ, ಶೋಧಕ ಬದಲಿಸಿದರೂ ಉಪ್ಪು ಹೋಗದು. ನೀರು ಬದಲಿಸುವುದೊಂದೇ ದಾರಿ. ಪ್ರತಿ ಸಲ ಕಾಲು ಭಾಗ ತೆಗೆದು ತುಂಬಿಸಿದರೆ 0.3 ಇದ್ದದ್ದು 0.22 ಆಗುತ್ತದೆ, ಆಮೇಲೆ 0.17, 0.13, ನಾಲ್ಕನೇ ಸಲಕ್ಕೆ 0.1ಕ್ಕಿಂತ ಕೆಳಗೆ. ಎರಡು ಮೂರು ದಿನ ಬಿಟ್ಟು ಒಂದೊಂದು ಸಲ ಮಾಡಿ. ನಳ ಬರುವ ದಿನ ನೋಡಿಕೊಂಡು ಮಾಡಿದರೆ ಹೊಳೆಯ ನೀರೇ ಸಿಗುತ್ತದೆ; ಅದರಲ್ಲಿ ಕ್ಲೋರಿನ್ ಇರುವುದರಿಂದ ಡ್ರಮ್ಮಿನಲ್ಲಿ ಒಂದು ದಿನ ಬಾಯಿ ತೆರೆದಿಟ್ಟು ಬಿಡಬೇಕು. ಪೆನ್ ತಳದ ಅಂಕಿಯ ಹತ್ತಿರ ಬಂದ ಮೇಲೆ ನೈದಿಲೆ ವಾಪಸ್ ಇಳಿಸಿ.

ಬೇಸಿಗೆ: ಉಪ್ಪು ಹಾಕದವರೂ ಓದಬೇಕಾದದ್ದು

ಹೋಳಿ ಹುಣ್ಣಿಮೆ ಕಳೆದ ಮೇಲೆ ಮಳೆ ಹಿಡಿಯುವವರೆಗೆ ನಮ್ಮ ಕಡೆಯ ಬಿಸಿಲು, ಒಣಗಾಳಿ ಗೊತ್ತೇ ಇದೆ. ದಿನಕ್ಕೆ 6 ಮಿಲಿಮೀಟರ್ ನೀರು ಆವಿಯಾಗುತ್ತದೆ ಎಂದು ಹಿಡಿಯಿರಿ. 80 ಚದರ ಅಡಿಯ ಹೊಂಡದಿಂದ ದಿನಕ್ಕೆ 45 ಲೀಟರ್, ತಿಂಗಳಿಗೆ 1300 ಲೀಟರಿಗೂ ಹೆಚ್ಚು. ಅಷ್ಟನ್ನೂ 1200 ಟಿಡಿಎಸ್ ಇರುವ ಬೋರ್ ನೀರಿನಿಂದ ತುಂಬಿಸಿದರೆ ತಿಂಗಳಿಗೆ ಒಂದೂವರೆ ಕಿಲೋ ಮೀರಿ ಲವಣ ಹೊಂಡ ಸೇರಿತು. ಮೂರು ತಿಂಗಳಿಗೆ ಐದು ಕಿಲೋ ಹತ್ತಿರ. ನೀವು ಒಂದು ಹರಳನ್ನೂ ಹಾಕಿಲ್ಲ, ಆದರೂ ಪೆನ್ 1200 ಬಿಟ್ಟು 1900 ತೋರಿಸುತ್ತದೆ. ಗೆಂಡೆಗಳು ಇದನ್ನು ತಡೆದುಕೊಳ್ಳುತ್ತವೆ. ಆದರೆ ಹೊಳೆ ನೀರಿನಲ್ಲಿ ಬೆಳೆದ ಹೊಸ ಮರಿಯನ್ನು ಅಂಗಡಿಯ ಚೀಲದಿಂದ ನೇರ ಇದರೊಳಗೆ ಬಿಟ್ಟರೆ ಅದು ಬೆದರಿ ಸೊರಗುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಒಂದೊಂದು ಲೋಟ ಹೊಂಡದ ನೀರು ಚೀಲಕ್ಕೆ ಸೇರಿಸುತ್ತ ಒಂದು ತಾಸು ಒಗ್ಗಿಸಿ.

ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅಳೆದು ಬರೆದಿಡಿ. ಅಂಕಿ ತಳದ ಅಂಕಿಯ ಒಂದೂವರೆ ಪಟ್ಟು ದಾಟಿದರೆ ಕಾಲು ಭಾಗ ನೀರು ಬದಲಿಸಿ. ಇದಕ್ಕೆ ಮಳೆನೀರಿನಷ್ಟು ಒಳ್ಳೆಯದು ಬೇರಿಲ್ಲ. ಸಾವಿರ ಚದರ ಅಡಿ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರ್ ಚಿಲ್ಲರೆ. ಸೋರಿ ಹೋದದ್ದು ಕಳೆದರೂ 700 ಕೈಗೆ ಸಿಗುತ್ತದೆ. ಮೊದಲ ಮಳೆ ಮಾಳಿಗೆಯ ಧೂಳು ತೊಳೆದು ಹೋಗಲಿ, ಆಮೇಲಿನದನ್ನು ಹಿಡಿಯಿರಿ. ಒಮ್ಮೆಗೇ ಅರ್ಧ ಹೊಂಡ ಮಳೆನೀರಾಗಿಸುವುದು ಬೇಡ, ನೀರಿನ ಗುಣ ಒಂದೇ ರಾತ್ರಿಯಲ್ಲಿ ಬದಲಾಗುವುದನ್ನು ಮೀನು ಸಹಿಸುವುದಿಲ್ಲ.

ತೆಗೆದ ನೀರು ಎಲ್ಲಿಗೆ?

ಶೇ. 0.3ರ ಸಾವಿರ ಲೀಟರ್ ನೀರು ಎಂದರೆ ಮೂರು ಕಿಲೋ ಉಪ್ಪು. ಮೀನಿನ ಹೊಂಡದ ನೀರು ಗೊಬ್ಬರವಿದ್ದ ಹಾಗೆ ಎಂದು ರೂಢಿಯಿಂದ ಕರಿಬೇವು, ಮಲ್ಲಿಗೆ, ತರಕಾರಿ ಮಡಿಗೆ ಬಿಟ್ಟರೆ ಆ ಮೂರು ಕಿಲೋ ಅಲ್ಲಿಯೇ ಕೂರುತ್ತದೆ. ಮಸಾರಿ ಮಣ್ಣಾದರೆ ಮಳೆಗೆ ಸ್ವಲ್ಪ ಬಸಿದು ಹೋದೀತು. ಎರೆ ಮಣ್ಣಿನಲ್ಲಿ ನೀರು ಬಸಿಯುವುದೇ ಕಷ್ಟ. ಸೋಡಿಯಂ ಸೇರಿದರೆ ಮಣ್ಣು ಇನ್ನಷ್ಟು ಬಿಗಿದು ನೀರು ಇಂಗುವುದನ್ನೇ ನಿಲ್ಲಿಸುತ್ತದೆ. ಮಲಪ್ರಭಾ ಕಾಲುವೆಯ ಕೆಳಗೆ ಸವಳಾಗಿ ಬಿಳುಚಿದ ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಿಕಿತ್ಸೆಯ ನೀರನ್ನು ಬಚ್ಚಲ ನೀರು ಹೋಗುವ ಗಟಾರಕ್ಕೇ ಬಿಡಿ. ಬಾವಿಯ ಹತ್ತಿರ, ಬೋರಿನ ಇಂಗುಗುಂಡಿಗೆ ಬಿಡಲೇಬೇಡಿ. ಹಿತ್ತಲಲ್ಲಿ ತೆಂಗಿನ ಮರ ಇದ್ದರೆ ಅದು ಉಪ್ಪು ತಾಳುವ ಮರ, ಕೊನೆಯ ಸುತ್ತಿನ ತಿಳಿಯಾದ ನೀರನ್ನು ಅದರ ಬುಡಕ್ಕೆ ಒಂದೆರಡು ಸಲ ಬಿಡಬಹುದು. ಉಳಿದ ಗಿಡಗಳಿಗೆ ಪೆನ್ ಮತ್ತೆ ತಳದ ಅಂಕಿಗೆ ಇಳಿದ ಮೇಲಷ್ಟೇ ಹೊಂಡದ ನೀರು.